ಒಂದೇ ಶೀಟು, ಕೆಲವು ಬಿರುಕು, ಕೆಲವು ಸರಿ: ದಿಕ್ಕಿನ ದೋಷ ಹಿಡಿಯುವುದು ಹೇಗೆ

ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಶೆಡ್ ಇದೆ. ಲೇಸರ್‌ನಲ್ಲಿ ಕತ್ತರಿಸಿದ ಶೀಟ್ ತುಂಡುಗಳು ಹೊರಗಿಂದ ಬರುತ್ತವೆ, ನಾವು ಬೆಂಡ್ ಮಾಡಿ, ಬೇಕಿದ್ದರೆ ವೆಲ್ಡ್ ಹಾಕಿ ಕಳಿಸುತ್ತೇವೆ. ಹೋದ ವರ್ಷ 60 ಬ್ರ್ಯಾಕೆಟ್‌ಗಳ ಒಂದು ಆರ್ಡರ್ ಬಂತು. 4 ಮಿ.ಮೀ. ದಪ್ಪದ ಎಚ್‌ಆರ್ ಶೀಟ್ (ಕಾಯಿಸಿ ರೋಲ್ ಮಾಡಿದ ಉಕ್ಕಿನ ಹಾಳೆ), ಇ350 ಅನ್ನುವ ಉಕ್ಕಿನ ದರ್ಜೆ, ಒಂದೇ ಒಂದು 90 ಡಿಗ್ರಿ ಬೆಂಡ್. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಬೆಳಗ್ಗೆ ಶುರು ಮಾಡಿದೆವು, ಕಾಫಿ ಹೊತ್ತಿಗೆ ಒಂದು ತುಂಡು ಕೈಗೆತ್ತಿಕೊಂಡು ನೋಡಿದರೆ ಹೊರಮೈಯಲ್ಲಿ, ಸರಿಯಾಗಿ ಬೆಂಡ್ ಗೆರೆಯ ಮೇಲೆಯೇ, ಕೂದಲೆಳೆಯಂಥ ಬಿರುಕು. ಉಗುರು ಎಳೆದರೆ ಕಚ್ಚಿಕೊಳ್ಳುತ್ತಿತ್ತು. ಸಂಜೆಗೆ ಎಣಿಸಿದಾಗ 60ರಲ್ಲಿ 22 ಹೋಗಿದ್ದವು. ಉಳಿದ 38 ಅಚ್ಚುಕಟ್ಟಾಗಿದ್ದವು.

ಎಲ್ಲವೂ ಬಿರುಕು ಬಿಟ್ಟಿದ್ದರೆ ತಲೆನೋವಿಲ್ಲ, ಏನೋ ಒಂದು ಪೂರ್ತಿ ತಪ್ಪಿದೆ ಅಂತ ಗೊತ್ತಾಗುತ್ತದೆ. ಅರ್ಧಂಬರ್ಧ ಕೆಟ್ಟಾಗಲೇ ಕಷ್ಟ. ನಮ್ಮ ಮೇಸ್ತ್ರಿ ಮದ್ದೂರು ಕಡೆಯವರು, ಮೊದಲ ಮಾತೇ "ಮಾಲೇ ಸರಿ ಇಲ್ಲ ಸಾ, ವಾಪಸ್ ಕಳಿಸ್ಬುಡಿ." ನನಗೆ ಒಳಗೊಳಗೇ ಮೇಸ್ತ್ರಿ ಮೇಲೆ ಅನುಮಾನ. ಶೀಟ್ ಕೊಟ್ಟವರಿಗೆ ಫೋನ್ ಮಾಡಿದರೆ ಐದೇ ನಿಮಿಷಕ್ಕೆ ಟೆಸ್ಟ್ ಸರ್ಟಿಫಿಕೇಟ್ ವಾಟ್ಸಾಪಿಗೆ ಬಂತು, ಎಲ್ಲ ಪಾಸ್. ಒಟ್ಟಿನಲ್ಲಿ ಮೂವರೂ ತಪ್ಪು ಕಡೆ ನೋಡುತ್ತಿದ್ದೆವು. ಮಾಲು ಸರಿ ಇತ್ತು, ಬೆಂಡ್ ಮಾಡುವ ಪ್ರೆಸ್ ಸರಿ ಇತ್ತು, ಮೇಸ್ತ್ರಿಯೂ ಸರಿ ಇದ್ದರು. ತಪ್ಪಿದ್ದು ದಿಕ್ಕು.

ಇದನ್ನು ಹಿಡಿಯಲು ನನಗೆ ಎರಡು ದಿನ ಬೇಕಾಯಿತು. ನಿಮಗೆ ಅರ್ಧ ಗಂಟೆ ಸಾಕಾಗಲಿ ಅಂತ ಬರೆಯುತ್ತಿದ್ದೇನೆ. ಕಬ್ಬಿಣಕ್ಕೆ ಮಾತ್ರ ಅಲ್ಲ, ಮರ, ಪ್ಲೈವುಡ್, ಟ್ರಾನ್ಸ್‌ಫಾರ್ಮರ್ ಪಟ್ಟಿ ಎಲ್ಲಕ್ಕೂ ಹುಡುಕುವ ದಾರಿ ಒಂದೇ.

ಮೊದಲು ಕಬ್ಬು, ಆಮೇಲೆ ಬೆಲ್ಲ

ಕಬ್ಬಿನ ಜಲ್ಲೆ ನಿಲ್ಲಿಸಿ ತಲೆಯ ಮೇಲೆ ಮಚ್ಚಿಟ್ಟು ಒಂದು ಏಟು ಕೊಡಿ. ಗಿಣ್ಣು ಸಿಗುವವರೆಗೆ ಸರ್ರನೆ ಸೀಳಿಕೊಂಡು ಹೋಗುತ್ತದೆ. ಅದನ್ನೇ ಅಡ್ಡ ಕಡಿಯಲು ಮಚ್ಚು ಚೂಪಾಗಿರಬೇಕು, ಕೈಯಲ್ಲಿ ಜೋರೂ ಇರಬೇಕು. ಸಿಪ್ಪೆಯೂ ಅಷ್ಟೇ, ಹಲ್ಲಲ್ಲಿ ಕಚ್ಚಿ ಎಳೆದರೆ ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಅಡ್ಡಕ್ಕೆ ಸುಲಿದವರನ್ನು ನಾನಂತೂ ನೋಡಿಲ್ಲ. ಈಗ ಅದೇ ಗದ್ದೆಯ ಕಬ್ಬು ಆಲೆಮನೆಗೆ ಹೋಗಿ, ಕೊಪ್ಪರಿಗೆಯಲ್ಲಿ ಕುದ್ದು, ಅಚ್ಚು ಬೆಲ್ಲವಾಗಿ ಬಂದ ಮೇಲೆ ಯಾವ ಕಡೆಯಿಂದ ಕುಟ್ಟಿದರೂ ಒಂದೇ ಥರ ಪುಡಿಯಾಗುತ್ತದೆ. ಕಬ್ಬಿನಲ್ಲಿದ್ದ ದಿಕ್ಕು ಗಾಣದಲ್ಲಿ ಸಿಪ್ಪೆಯ ಜೊತೆಗೇ ಹೋಯಿತು.

ಬೆಲ್ಲದಂಥದ್ದಕ್ಕೆ ಐಸೋಟ್ರಾಪಿಕ್ ಅನ್ನುತ್ತಾರೆ, ಯಾವ ದಿಕ್ಕಿನಲ್ಲಿ ಪರೀಕ್ಷಿಸಿದರೂ ಗುಣ ಒಂದೇ. ಕಬ್ಬಿನಂಥದ್ದು ಅನೈಸೋಟ್ರಾಪಿಕ್. ಹೆಸರು ನೆನಪಿಲ್ಲದಿದ್ದರೂ ಪರವಾಗಿಲ್ಲ, ಕಬ್ಬು-ಬೆಲ್ಲ ನೆನಪಿಟ್ಟುಕೊಳ್ಳಿ.

ಗಟ್ಟಿ ವಸ್ತುವಿಗೆ ಮಾತ್ರ ದಿಕ್ಕು, ದ್ರವಕ್ಕೆ ಎಲ್ಲಿಂದ ಬರಬೇಕು ಅಂತ ಅಂದುಕೊಳ್ಳಬೇಡಿ. ಹರಿಯುತ್ತಲೇ ಇದ್ದರೂ ಬೆಳಕಿಗೆ ಒಂದೊಂದು ದಿಕ್ಕಿನಲ್ಲಿ ಒಂದೊಂದು ಥರ ವರ್ತಿಸುವ ದ್ರವಸ್ಫಟಿಕಗಳಿವೆ, ಎಲ್‌ಸಿಡಿ ಪರದೆ ನಡೆಯುವುದೇ ಅದರಿಂದ. 1977ರಲ್ಲಿ ತಟ್ಟೆಯಂಥ ಅಣುಗಳ ದ್ರವಸ್ಫಟಿಕವನ್ನು ಜೊತೆಗಾರರೊಂದಿಗೆ ಬೆಂಗಳೂರಿನಲ್ಲಿ ಕಂಡುಹಿಡಿದ ಎಸ್. ಚಂದ್ರಶೇಖರ್ ಅದಕ್ಕೂ ಮೊದಲು 1960ರ ದಶಕದಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದರು. ಮಾನಸಗಂಗೋತ್ರಿ ದಾಟುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಇರಲಿ, ಕಬ್ಬಿಣಕ್ಕೆ ಬರೋಣ.

ಕಬ್ಬಿಣದ ಒಂದೇ ಒಂದು ಹರಳು ತೆಗೆದುಕೊಂಡರೆ ಅದು ಪಕ್ಕಾ ಕಬ್ಬು. ಹರಳಿನ ಅಂಚಿನ ದಿಕ್ಕಿನಲ್ಲಿ ಎಳೆದರೆ ಬಿಗಿತ ಸುಮಾರು 130 ಗಿಗಾಪಾಸ್ಕಲ್ (ಬಿಗಿತ ಅಳೆಯುವ ಮಾನ), ಮೂಲೆಯಿಂದ ಮೂಲೆಗೆ ಎಳೆದರೆ ಸುಮಾರು 280. ಎರಡು ಪಟ್ಟಿಗಿಂತ ಜಾಸ್ತಿ! ಆದರೆ ನಾವು ಕೊಳ್ಳುವ ಶೀಟಿನಲ್ಲಿ ಇಂಥ ಕೋಟ್ಯಂತರ ಹರಳುಗಳು ಒಂದೊಂದು ಕಡೆ ಮುಖ ಮಾಡಿಕೊಂಡು ಕೂತಿರುತ್ತವೆ. ಎಲ್ಲವೂ ಸೇರಿ ಸರಾಸರಿ 200-210ಕ್ಕೆ ಬಂದು ನಿಲ್ಲುತ್ತದೆ, ದಿಕ್ಕು ಮುಚ್ಚಿಹೋಗುತ್ತದೆ. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಬೇರೆಯಾಗಿ ಕೇಳಿಸುವುದಿಲ್ಲವಲ್ಲ, ಹಾಗೆ.

ಹಾಗಾದರೆ ನಮ್ಮ ಬ್ರ್ಯಾಕೆಟ್‌ಗೆ ದಿಕ್ಕು ಎಲ್ಲಿಂದ ಬಂತು? ರೋಲಿಂಗ್ ಮಿಲ್ಲಿನಿಂದ. ಕಾದ ದಪ್ಪ ಗಟ್ಟಿಯನ್ನು ರೋಲರ್‌ಗಳ ನಡುವೆ ಮತ್ತೆ ಮತ್ತೆ ಒತ್ತಿ ಉದ್ದಕ್ಕೆ ಎಳೆದಾಗ ಉಕ್ಕಿನೊಳಗಿನ ಸಣ್ಣ ಕಲ್ಮಶಗಳು, ಮುಖ್ಯವಾಗಿ ಮ್ಯಾಂಗನೀಸ್ ಸಲ್ಫೈಡ್ ಕಣಗಳು, ಶಾವಿಗೆಯ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತವೆ. ಕರಗಿದಾಗ ಹೆಚ್ಚುಕಡಿಮೆ ಬೆಲ್ಲವಾಗಿದ್ದದ್ದು ರೋಲ್ ಆದ ಮೇಲೆ ಸ್ವಲ್ಪ ಕಬ್ಬಾಗುತ್ತದೆ. ದಿಕ್ಕಿನ ದೋಷ ಅಂತ ಅನುಮಾನ ಬಂದಾಗ ನಾನು ಈಗ ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು: ಈ ವಸ್ತುವನ್ನು ಮಾಡುವಾಗ ಯಾವ ಕಡೆಗೆ ಎಳೆದರು, ಯಾವ ಕಡೆಗೆ ಬೆಳೆಯಿತು, ಯಾವ ಕಡೆಗೆ ಪದರ ಹಾಕಿದರು?

ಬಿರುಕು ಎಲ್ಲಿಂದ ಶುರುವಾಗಿದೆ ನೋಡಿ

ಪರೀಕ್ಷೆಗೆ ಇಳಿಯುವ ಮುಂಚೆ ಕೆಟ್ಟ ತುಂಡನ್ನು ಬಿಸಿಲಿಗೆ ತಂದು ಭೂತಗನ್ನಡಿಯಲ್ಲಿ ನೋಡಿ. ಅವಸರ ಬೇಡ.

ಬಿರುಕು ಬೆಂಡ್ ಗೆರೆಯ ನಡುವಿನಲ್ಲೇ ಇದೆ, ನೇರವಾಗಿದೆ, ಅಕ್ಕಪಕ್ಕದಲ್ಲಿ ಅದೇ ದಿಕ್ಕಿಗೆ ಇನ್ನೂ ಎರಡು ಮೂರು ಸಣ್ಣ ಗೀರುಗಳಿವೆ ಅಂದರೆ ದಿಕ್ಕು ಅಥವಾ ತ್ರಿಜ್ಯ (ಬೆಂಡಿನ ಒಳಗಿನ ದುಂಡು ಎಷ್ಟು ದೊಡ್ಡದು ಅನ್ನುವುದು), ಎರಡರಲ್ಲೊಂದು. ನಮ್ಮದು ಹೀಗಿತ್ತು.

ಬಿರುಕು ತುಂಡಿನ ಅಂಚಿನಿಂದ ಶುರುವಾಗಿ ಒಳಗೆ ಬಂದು ನಿಂತಿದೆ ಅಂದರೆ ಅಂಚನ್ನು ಹಿಡಿಯಿರಿ. ಕತ್ತರಿಸುವಾಗ ಅಂಚಿನಲ್ಲಿ ಎದ್ದು ಉಳಿದ ಚೂಪು ಮುಳ್ಳು, ಅಂದರೆ ಬರ್, ಲೇಸರ್ ಬಿಸಿಗೆ ಗಟ್ಟಿಯಾದ ಅಂಚು, ಚಿಕ್ಕ ಕಚ್ಚು, ಇವೆಲ್ಲ ಬಿರುಕಿಗೆ ಬಾಗಿಲು ತೆಗೆದುಕೊಡುತ್ತವೆ. ಬರ್ ಇರುವ ಮುಖ ಬೆಂಡಿನ ಒಳಗೆ ಬರುವಂತೆ ತಿರುಗಿಸಿ ಹಾಕಿ, ಅಂಚಿಗೆ ಒಂದು ಸಲ ಗ್ರೈಂಡರ್ ತೋರಿಸಿ. ಅರ್ಧದಷ್ಟು ಸಲ ಇಷ್ಟಕ್ಕೇ ಸರಿ ಹೋಗುತ್ತದೆ. ತೂತಿನಿಂದ ಶುರುವಾಗಿದ್ದರೆ ತೂತು ಬೆಂಡ್ ಗೆರೆಗೆ ತೀರಾ ಹತ್ತಿರ ಇದೆ, ಅದು ಡ್ರಾಯಿಂಗಿನ ತಪ್ಪು.

ಇನ್ನು ತ್ರಿಜ್ಯ. ಬೆಂಡ್ ಮಾಡುವಾಗ ಶೀಟಿನ ಕೆಳಗಿರುವ ವಿ ಆಕಾರದ ಅಚ್ಚು ವಿ ಡೈ, ಮೇಲಿನಿಂದ ಒತ್ತುವುದು ಪಂಚ್. ಈ ಡೈನ ಬಾಯಿ ಶೀಟಿನ ದಪ್ಪದ ಎಂಟು ಪಟ್ಟು ಇರಬೇಕು ಅನ್ನುವುದು ಶೆಡ್ಡುಗಳ ರೂಢಿ. 4 ಮಿ.ಮೀ. ಶೀಟಿಗೆ 32 ಮಿ.ಮೀ. ಬಾಯಿ. ಒಳಗಿನ ತ್ರಿಜ್ಯ ಹೆಚ್ಚುಕಡಿಮೆ ಬಾಯಿಯ ಆರನೇ ಒಂದು ಭಾಗ ಬರುತ್ತದೆ, ಅಂದರೆ 5 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ನಾವು ಹಾಕಿದ್ದು 25ರ ಬಾಯಿ, ಏಕೆಂದರೆ ಬ್ರ್ಯಾಕೆಟ್ಟಿನ ಮಡಚುವ ಭಾಗ ತೀರಾ ಗಿಡ್ಡ, 32ರ ಡೈ ಮೇಲೆ ಅದು ಕೂರುವುದೇ ಇಲ್ಲ. ತ್ರಿಜ್ಯ 4ರ ಆಸುಪಾಸು ಬಂತು. ಬಿಗಿಯೇ, ಆದರೆ ಅದೇ ಡೈಯಲ್ಲಿ 38 ತುಂಡು ಚೆನ್ನಾಗಿ ಬಂದಿವೆಯಲ್ಲ! ಹಾಗಾಗಿ ಡೈಯೊಂದನ್ನೇ ದೂರುವಂತಿರಲಿಲ್ಲ.

ಎರಡು ಪಟ್ಟಿಯ ಪರೀಕ್ಷೆ

ಇದೇ ಮುಖ್ಯ, ನಿಧಾನಕ್ಕೆ ಓದಿ.

ಅದೇ ಶೀಟಿನ ಉಳಿಕೆ ತುಂಡು ಬೇಕು. "ಅದೇ ಥರದ್ದು" ಆಗುವುದಿಲ್ಲ, ಅದೇ ಶೀಟಿನದ್ದೇ ಆಗಬೇಕು. ಕತ್ತರಿಸುವ ಮುಂಚೆಯೇ ಮಾರ್ಕರ್‌ನಲ್ಲಿ ಒಂದು ಬಾಣ ಬರೆಯಿರಿ, ರೋಲ್ ಆದ ದಿಕ್ಕಿಗೆ. ರೋಲ್ ಆದ ದಿಕ್ಕು ಗೊತ್ತಾಗುವುದು ಹೇಗೆ? ಪೂರ್ತಿ ಶೀಟಾದರೆ ಸಾಮಾನ್ಯವಾಗಿ ಉದ್ದನೆಯ ಬದಿಯೇ ಆ ದಿಕ್ಕು, ಕಾಯಿಲ್‌ನಿಂದ (ಸುರುಳಿಯಿಂದ) ಬಿಚ್ಚಿ ಕತ್ತರಿಸಿದ್ದಾದರೆ ಬಿಚ್ಚಿಕೊಂಡು ಬಂದ ಕಡೆ. ಅಲ್ಯೂಮಿನಿಯಂ ಮೇಲೆ ಓರೆಯಾಗಿ ಬೆಳಕು ಬಿಟ್ಟರೆ ಸಣ್ಣ ಗೆರೆಗಳು ಕಾಣುತ್ತವೆ. ಎಚ್‌ಆರ್ ಶೀಟಿನ ಕಪ್ಪು ಪದರದಲ್ಲಿ ಏನೂ ಕಾಣುವುದಿಲ್ಲ, ಕಣ್ಣು ನೋಯಿಸಿಕೊಳ್ಳಬೇಡಿ. ಗೊತ್ತಾಗದಿದ್ದರೆ ಯಾವುದೋ ಒಂದು ಬದಿಗೆ ಬಾಣ ಹಾಕಿಬಿಡಿ, ಪರೀಕ್ಷೆಯೇ ಉತ್ತರ ಹೇಳುತ್ತದೆ.

ಬಾಣದ ಉದ್ದಕ್ಕೆ ಮೂರು ಪಟ್ಟಿ, ಬಾಣಕ್ಕೆ ಅಡ್ಡವಾಗಿ ಮೂರು ಪಟ್ಟಿ, ಎಲ್ಲ ಒಂದೇ ಅಗಲ. ಪ್ರತಿಯೊಂದರ ಮೇಲೂ ಬಾಣ ಇರಬೇಕು. ಅಂಚುಗಳನ್ನು ಒಂದೇ ಸಮ ಉಜ್ಜಿ, ಇಲ್ಲವಾದರೆ ಅಂಚಿನ ದೋಷ ಬಂದು ನಡುವೆ ಸೇರಿಕೊಳ್ಳುತ್ತದೆ. ಒಂದೊಂದೇ ಪಟ್ಟಿ ಮಾಡಿದರೆ ಸಾಲದಾ? ಸಾಲದು. ಒಂದು ಪಟ್ಟಿ ಅದೃಷ್ಟದಿಂದ ಪಾರಾಗಬಹುದು, ಮೂರೂ ಪಾರಾಗುವುದು ಕಷ್ಟ. ಆಮೇಲೆ ಅದೇ ಡೈ, ಅದೇ ಪಂಚ್, ಅದೇ ಕೋನ.

ಇಲ್ಲೊಂದು ಮಾತಿನ ಗೊಂದಲ ಇದೆ, ನಮ್ಮ ಶೆಡ್ಡಿನಲ್ಲೇ ಇದಕ್ಕೆ ಅರ್ಧ ದಿನ ಜಗಳ ನಡೆಯಿತು. "ಉದ್ದಕ್ಕೆ ಬೆಂಡ್ ಮಾಡಿ" ಅಂದರೆ ಮೇಸ್ತ್ರಿಗೆ ಪಟ್ಟಿ ಉದ್ದಕ್ಕಿದೆ ಅಂತ ಅರ್ಥ, ನನಗೆ ಬೆಂಡ್ ಗೆರೆ ಉದ್ದಕ್ಕಿದೆ ಅಂತ ಅರ್ಥ. ಎರಡೂ ತದ್ವಿರುದ್ಧ! ಕೊನೆಗೆ ಮೇಸ್ತ್ರಿಯೇ ಒಂದು ದಾರಿ ಹುಡುಕಿದರು. ಬಾಣ ಮತ್ತು ಬೆಂಡ್ ಗೆರೆ ಸೇರಿ ಕೂಡುವ ಗುರುತು ಆದರೆ, ಅಂದರೆ + ಆದರೆ, ಒಳ್ಳೆಯದು. ಸಮ ಗುರುತು ಆದರೆ, ಅಂದರೆ = ಆದರೆ, ಹುಷಾರು. ಈಗ ನಮ್ಮಲ್ಲಿ "ಇದು ಪ್ಲಸ್ಸಾ, ಸಮಾನಾ?" ಅಂತಲೇ ಕೇಳುವುದು.

ನಮ್ಮ ಪ್ಲಸ್ ಪಟ್ಟಿಗಳು ಮೂರೂ ನುಣ್ಣಗೆ ಬಾಗಿದವು. ಸಮ ಪಟ್ಟಿಗಳಲ್ಲಿ ಎರಡು ಸೀಳಿದವು, ಮೂರನೆಯದರ ಹೊರಮೈ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಯಿತು. ಹೀಗೇಕೆ ಅನ್ನುವುದಕ್ಕೆ ಮತ್ತೆ ಕಬ್ಬಿನ ಸಿಪ್ಪೆ ಸಾಕು. ಬೆಂಡ್ ಮಾಡಿದಾಗ ಹೊರಮೈ ಹಿಗ್ಗಬೇಕು, ಗೆರೆಗೆ ಅಡ್ಡವಾಗಿ. ಪ್ಲಸ್ ಆದಾಗ ಆ ಹಿಗ್ಗಾಟ ಶಾವಿಗೆಯಂಥ ಎಳೆಗಳ ಉದ್ದಕ್ಕೆ ಬೀಳುತ್ತದೆ, ಎಳೆಗಳು ತಡೆದುಕೊಳ್ಳುತ್ತವೆ. ಸಮ ಆದಾಗ ಹಿಗ್ಗಾಟ ಎಳೆಗಳನ್ನು ಅಕ್ಕಪಕ್ಕಕ್ಕೆ ಬಿಡಿಸುತ್ತದೆ, ಪ್ರತಿ ಎಳೆಯ ಬದಿಯೂ ಬಿರುಕಿಗೆ ಸಿದ್ಧವಾಗಿ ಕೂತ ಜಾಗ.

ಫಲಿತಾಂಶ ಓದುವ ಬಗೆ ಇಷ್ಟೇ. ಸಮ ಪಟ್ಟಿ ಮಾತ್ರ ಸೀಳಿದರೆ ದಿಕ್ಕು ತಪ್ಪಿದೆ. ಎರಡೂ ಸೀಳಿದರೆ ದಿಕ್ಕನ್ನು ಬಿಟ್ಟುಬಿಡಿ, ತ್ರಿಜ್ಯ ಸಾಲದು ಅಥವಾ ಬೇರೆ ದರ್ಜೆಯ ಮಾಲು ಬಂದಿದೆ. ಎರಡೂ ಸರಿ ಬಂದು ಕೆಲಸದ ತುಂಡು ಮಾತ್ರ ಸೀಳುತ್ತಿದ್ದರೆ ಅಂಚಿಗೆ, ತೂತಿಗೆ ವಾಪಸ್ ಹೋಗಿ. ಎಲ್ಲದಕ್ಕೂ ದಿಕ್ಕನ್ನೇ ದೂರುವ ಚಟ ನನಗೂ ಒಂದು ತಿಂಗಳು ಹಿಡಿದಿತ್ತು. ಮುಂದಿನ ಒಂದು ಆರ್ಡರ್‌ನಲ್ಲಿ ಎರಡೂ ಪಟ್ಟಿ ಸೀಳಿದಾಗ ಬಿಟ್ಟುಹೋಯಿತು, ಅವತ್ತು ಪಂಚಿನ ಮೂತಿಯೇ ಸವೆದು ಚೂಪಾಗಿತ್ತು.

ಸರಿ, ಒಂದೇ ಆರ್ಡರ್‌ನಲ್ಲಿ 22 ಸಮ, 38 ಪ್ಲಸ್ ಆಗಿದ್ದು ಹೇಗೆ?

ಕತ್ತರಿಸಿ ಕೊಟ್ಟವರ ಕಂಪ್ಯೂಟರ್‌ನಲ್ಲಿ. ಶೀಟಿನ ಮೇಲೆ ತುಂಡುಗಳನ್ನು ಜೋಡಿಸುವ ನೆಸ್ಟಿಂಗ್ ಸಾಫ್ಟ್‌ವೇರ್‌ಗೆ ಸ್ಕ್ರ್ಯಾಪ್ ಉಳಿಸುವುದೊಂದೇ ಗುರಿ. ಅದು 38 ತುಂಡನ್ನು ಒಂದು ಕಡೆಗೆ ಮಲಗಿಸಿ, ಉಳಿದ ಜಾಗಕ್ಕೆ 22ನ್ನು ಕಾಲು ಸುತ್ತು ತಿರುಗಿಸಿ ತುಂಬಿತ್ತು. ಅದರ ಲೆಕ್ಕದಲ್ಲಿ ಎಲ್ಲ ಶೀಟೂ ಬೆಲ್ಲ. ಅವರನ್ನು ಬೈಯುವ ಹಾಗೂ ಇಲ್ಲ, ನಮ್ಮ ಡ್ರಾಯಿಂಗ್‌ನಲ್ಲಿ ದಿಕ್ಕಿನ ಬಾಣವೇ ಇರಲಿಲ್ಲ. ಕತ್ತರಿಸಿ ಗುಡ್ಡೆ ಹಾಕಿದ ಮೇಲೆ ಯಾವುದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಸರಿಪಡಿಸಿದ್ದು ಹೀಗೆ. ಡ್ರಾಯಿಂಗ್‌ನಲ್ಲಿ ಬಾಣ ಹಾಕಿದೆವು. ನೆಸ್ಟಿಂಗ್‌ನಲ್ಲಿ 0 ಮತ್ತು 180 ಡಿಗ್ರಿ ಮಾತ್ರ ಬಿಟ್ಟು 90 ಮುಚ್ಚಿಸಿದೆವು. ಸ್ಕ್ರ್ಯಾಪ್ ಸ್ವಲ್ಪ ಜಾಸ್ತಿಯಾಯಿತು, 22 ತುಂಡು ಎಸೆಯುವುದಕ್ಕಿಂತ ವಾಸಿ. ಕೆಲವು ತುಂಡಿಗೆ ಎರಡು ಕಡೆ, ಒಂದಕ್ಕೊಂದು ಅಡ್ಡವಾಗಿ ಬೆಂಡ್ ಇರುತ್ತದೆ. ಆಗ ಒಂದು ಪ್ಲಸ್ ಮಾಡಿದರೆ ಇನ್ನೊಂದು ಸಮ ಆಗುತ್ತದೆ. ಅಂಥದ್ದನ್ನು 45 ಡಿಗ್ರಿಗೆ ಓರೆಯಾಗಿ ಇಡಿಸಿ, ಇಬ್ಬರಿಗೂ ಅರ್ಧರ್ಧ ಕಷ್ಟ. ಅದೂ ಆಗದಿದ್ದರೆ ತ್ರಿಜ್ಯ ದೊಡ್ಡದು ಮಾಡಲು ಗಿರಾಕಿಯನ್ನು ಕೇಳಬೇಕು, ಅಷ್ಟೇ.

ಬಿರುಕು ಬರದಿದ್ದರೂ ದಿಕ್ಕು ಕಾಟ ಕೊಡಬಹುದು. ಒಂದೇ ಸೆಟ್ಟಿಂಗ್‌ನಲ್ಲಿ ಕೆಲವು ತುಂಡು ಸರಿಯಾಗಿ 90ಕ್ಕೆ ನಿಂತು ಕೆಲವು ಸ್ವಲ್ಪ ಬಿಚ್ಚಿಕೊಂಡರೆ ಮೆಷಿನ್ ಕ್ಯಾಲಿಬ್ರೇಷನ್‌ಗೆ ದುಡ್ಡು ಕೊಡುವ ಮುಂಚೆ ಬಾಣ ನೋಡಿ. ಬಿಟ್ಟಾಗ ಹಿಂದಕ್ಕೆ ಚಿಮ್ಮುವುದು ಕೂಡ ಎರಡು ದಿಕ್ಕಿಗೆ ಒಂದೇ ಅಲ್ಲ.

ಸರ್ಟಿಫಿಕೇಟ್ ಸುಳ್ಳು ಹೇಳಿತ್ತಾ?

ಇಲ್ಲ. ಅದರಲ್ಲಿದ್ದ ಎಳೆತದ ಪರೀಕ್ಷೆ ಒಂದು ದಿಕ್ಕಿನಲ್ಲಿ ಕತ್ತರಿಸಿದ ಮಾದರಿಯ ಮೇಲೆ ಮಾಡಿದ್ದು, ಆ ದಿಕ್ಕಿಗೆ ಅದು ನಿಜ. ಇಲ್ಲಿ ಎರಡು ವಿಷಯ ಕಲಸಿಹೋಗುತ್ತವೆ. ಶೀಟಿನ ಈ ಮೂಲೆಯೂ ಆ ಮೂಲೆಯೂ ಒಂದೇ ಅನ್ನುವುದು ಬೇರೆ, ಒಂದೇ ಜಾಗದಲ್ಲಿ ಈ ದಿಕ್ಕೂ ಆ ದಿಕ್ಕೂ ಒಂದೇ ಅನ್ನುವುದು ಬೇರೆ. ಸೀರೆ ನೋಡಿ. ಸಾದಾ ರೇಷ್ಮೆ ಸೀರೆಯ ಒಡಲು ಎಲ್ಲಿ ಮುಟ್ಟಿದರೂ ಒಂದೇ. ಆದರೆ ಹಾಸಿನ ಕಡೆಗೋ ಹೊಕ್ಕಿನ ಕಡೆಗೋ ಎಳೆದರೆ ಜಗ್ಗುವುದಿಲ್ಲ, ಮೂಲೆ ಹಿಡಿದು ಓರೆಯಾಗಿ ಎಳೆದರೆ ಹಿಗ್ಗುತ್ತದೆ. ಟೈಲರ್‌ಗಳು ಬ್ಲೌಸಿಗೆ ಕ್ರಾಸ್ ಕಟ್ ಮಾಡುವುದು ಇದಕ್ಕೇ ಅಲ್ವಾ?

ಇನ್ನೊಂದು, ಇದು ನನಗೆ ತಡವಾಗಿ ಹೊಳೆದದ್ದು. "ಈ ವಸ್ತುವಿಗೆ ದಿಕ್ಕಿದೆಯಾ?" ಅನ್ನುವ ಪ್ರಶ್ನೆಯೇ ಪೂರ್ತಿಯಲ್ಲ. ಯಾವ ಗುಣಕ್ಕೆ ಅಂತಲೂ ಕೇಳಬೇಕು. ತಾಮ್ರದ ಒಂದು ಹರಳು ಕರೆಂಟನ್ನು ಎಲ್ಲ ದಿಕ್ಕಿಗೂ ಒಂದೇ ಸಮ ಹರಿಸುತ್ತದೆ, ಆದರೆ ಅದರ ಬಿಗಿತ ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ. ನಮ್ಮ ಶೀಟೂ ಹಾಗೆಯೇ, ಎರಡು ಕಡೆಯ ಪಟ್ಟಿಗೂ ತೂಕ ನೇತುಹಾಕಿ ಎಷ್ಟು ಬಾಗುತ್ತದೆ ಅಂತ ಅಳೆದಿದ್ದರೆ ನನಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ, "ದಿಕ್ಕಿನ ತೊಂದರೆ ಇಲ್ಲ" ಅಂತ ಬರೆದು ಮುಗಿಸುತ್ತಿದ್ದೆ. ಯಾವ ಗುಣದಲ್ಲಿ ಕೈಕೊಟ್ಟಿತೋ ಅದೇ ಗುಣವನ್ನು ಪರೀಕ್ಷಿಸಿ. ಮುರಿದಿದ್ದರೆ ಮುರಿಯುವ ತನಕ ಬಾಗಿಸಿ, ಬಿಸಿಯಾಗುತ್ತಿದ್ದರೆ ಬಿಸಿ ಅಳೆಯಿರಿ.

ಬಿಸಿ ಅಂದಾಗ ನೆನಪಾಯಿತು. ಪರಿಚಯದ ರಿವೈಂಡಿಂಗ್ ಅಂಗಡಿಯೊಂದರಲ್ಲಿ ಹಳೆ ಕೋರ್ ಪಟ್ಟಿ ಕತ್ತರಿಸಿ ಕಟ್ಟಿದ ಟ್ರಾನ್ಸ್‌ಫಾರ್ಮರ್ ಲೋಡ್ ಇಲ್ಲದೆಯೂ ಕಾಯುತ್ತಿತ್ತು. ಇಂಥದ್ದರಲ್ಲಿ ಮೊದಲು ಪಟ್ಟಿಗಳ ಬರ್ ನೋಡಿ, ಮೇಲಿನ ಇನ್ಸುಲೇಷನ್ ಕೆರೆದಿದೆಯಾ ನೋಡಿ. ಅವೆರಡೂ ಸರಿ ಇದ್ದರೆ ಪಟ್ಟಿ ಕತ್ತರಿಸಿದ ದಿಕ್ಕು. ಸಿಆರ್‌ಜಿಒ ಅನ್ನುವ ಸಿಲಿಕಾನ್ ಉಕ್ಕಿನಲ್ಲಿ ಹರಳುಗಳನ್ನು ಬೇಕೆಂದೇ ಒಂದೇ ಕಡೆಗೆ ಮುಖ ಮಾಡಿಸಿರುತ್ತಾರೆ, ರೋಲ್ ಆದ ದಿಕ್ಕಿಗೆ ಅಯಸ್ಕಾಂತ ಸುಲಭವಾಗಿ ಹರಿಯಲಿ ಅಂತ. ನಾರ್ಮನ್ ಗಾಸ್ ಎಂಬುವವರು 1934ರಲ್ಲಿ ಪೇಟೆಂಟ್ ಮಾಡಿದ ವಿದ್ಯೆ ಅದು. ಅದನ್ನು ಅಡ್ಡಕ್ಕೆ ಕತ್ತರಿಸಿ ಹಾಕಿದರೆ ದುಬಾರಿ ಉಕ್ಕು ಹಾಕಿಯೂ ನಷ್ಟ. ಮೋಟರ್‌ನಲ್ಲಿ ಅಯಸ್ಕಾಂತ ಕ್ಷೇತ್ರ ಸುತ್ತುತ್ತಲೇ ಇರುತ್ತದೆ, ಅಲ್ಲಿ ಒಂದು ದಿಕ್ಕಿನ ಜಾಣತನ ಉಪಯೋಗಕ್ಕಿಲ್ಲ, ಹಾಗಾಗಿ ಅದಕ್ಕೆ ದಿಕ್ಕು ಕಡಿಮೆ ಇರುವ ಉಕ್ಕೇ ಬೇಕು.

ಮಳೆಗಾಲದ ಬಾಗಿಲು

ಮಂಡ್ಯದಿಂದ ಅಮ್ಮ ಪ್ರತಿ ಆಗಸ್ಟ್‌ನಲ್ಲಿ ಫೋನ್ ಮಾಡುತ್ತಾರೆ. "ಬಾಗ್ಲು ಮತ್ತೆ ಕಚ್ಕೊಂಡಿದೆ ಕಣೋ, ಒದ್ದು ಹಾಕ್ಬೇಕು, ಆಚಾರ್ರನ್ನ ಕರ್ಸಿ ಕೆತ್ತಿಸ್ಬುಡ್ಲಾ?" ಬೇಡ ಅಮ್ಮ, ಬೇಡ. ಮಳೆಯಲ್ಲಿ ತೋಪಡ ಹೊಡೆಸಿದರೆ ಶಿವರಾತ್ರಿ ಹೊತ್ತಿಗೆ ಸಂದಿಯಲ್ಲಿ ಬೆರಳು ತೂರುತ್ತದೆ.

ಇಲ್ಲೂ ಮೊದಲು ಜಾಗ ನೋಡಬೇಕು. ಹಳೆಯ ಲಗ್ನಪತ್ರಿಕೆಯೊಂದನ್ನು ತೆಗೆದುಕೊಂಡು ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಮೇಲಿನಿಂದ ಕೆಳಗೆ ಎಳೆಯಿರಿ. ಚಿಲಕದ ಕಡೆ ಉದ್ದಕ್ಕೂ ಸಿಕ್ಕಿಕೊಳ್ಳುತ್ತಿದ್ದು, ಬಾಗಿಲಿನ ತಲೆಯ ಮೇಲಿನ ಸಂದಿಯಲ್ಲಿ ಮಾತ್ರ ಸಲೀಸಾಗಿ ಓಡಾಡಿದರೆ ಮರ ಊದಿದೆ. ಚಿಲಕದ ಕಡೆಯ ಮೇಲಿನ ಮೂಲೆಯಲ್ಲಿ ಮಾತ್ರ ಸಿಕ್ಕಿದರೆ ಬಾಗಿಲು ಜೋತುಬಿದ್ದಿದೆ, ಮೇಲಿನ ಕೀಲಿನ ಸ್ಕ್ರೂ ಬಿಗಿ ಮಾಡಿ. ಅದಕ್ಕೂ ಮರದ ದಿಕ್ಕಿಗೂ ಸಂಬಂಧವೇ ಇಲ್ಲ.

ಊದಿದ ಮರ ಅಗಲಕ್ಕೆ ಮಾತ್ರ ಯಾಕೆ ಕಚ್ಚುತ್ತದೆ ಅಂದರೆ, ಮರಕ್ಕೆ ಎರಡಲ್ಲ, ಮೂರು ದಿಕ್ಕು. ಎಳೆಯ ಉದ್ದಕ್ಕೆ ಒಂದು, ತಿರುಳಿನಿಂದ ತೊಗಟೆ ಕಡೆಗೆ ಒಂದು, ಉಂಗುರದ ಸುತ್ತ ಒಂದು. ತೇಗದ ಮರ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಉಂಗುರದ ಸುತ್ತ ಸುಮಾರು 5.8 ಶೇಕಡಾ ಕುಗ್ಗುತ್ತದೆ, ತಿರುಳಿನಿಂದ ತೊಗಟೆ ಕಡೆಗೆ 2.5, ಎಳೆಯ ಉದ್ದಕ್ಕೆ ಹೆಚ್ಚೆಂದರೆ 0.2. ಈ ಆಟವೆಲ್ಲ ಮರದ ತೇವ ಸುಮಾರು 30 ಶೇಕಡಾಗಿಂತ ಕೆಳಗೆ ಇರುವಾಗ ನಡೆಯುತ್ತದೆ. ಬೇಸಿಗೆಯಿಂದ ಮಳೆಗಾಲಕ್ಕೆ ತೇವ ಶೇಕಡಾ 4 ಅಂಶ ಏರಿತು ಅಂದುಕೊಳ್ಳಿ. 900 ಮಿ.ಮೀ. ಅಗಲಕ್ಕೆ ಹಲಗೆ ಅಂಟಿಸಿ ಮಾಡಿದ ಬಾಗಿಲು ಅಗಲದಲ್ಲಿ ಸುಮಾರು 7 ಮಿ.ಮೀ. ಬೆಳೆಯಬಹುದು. ಅದೇ ಬಾಗಿಲು ಎತ್ತರ 2100 ಇದ್ದರೂ ಆ ಕಡೆಗೆ ಬೆಳೆಯುವುದು ಅರ್ಧ ಮಿ.ಮೀ. ಅಷ್ಟೇ.

ಹಳೆ ಆಚಾರ್ರು ಇದನ್ನು ಲೆಕ್ಕ ಹಾಕದೆಯೇ ಕಂಡುಕೊಂಡಿದ್ದರು. ಸುತ್ತ ಪಟ್ಟಿಯ ಚೌಕಟ್ಟು, ನಡುವೆ ಗಾಡಿಯಲ್ಲಿ, ಅಂದರೆ ಪಟ್ಟಿಯಲ್ಲಿ ಕೊರೆದ ಕಾಲುವೆಯಲ್ಲಿ, ಸಡಿಲವಾಗಿ ಕೂರಿಸಿದ ಹಲಗೆ. ಹಲಗೆ ಊದಿದರೆ ಗಾಡಿಯೊಳಗೇ ಊದುತ್ತದೆ. ಬಾಗಿಲಿನ ಅಗಲಕ್ಕೆ ಲೆಕ್ಕಕ್ಕೆ ಬರುವುದು ಎರಡು ಬದಿಯ 100 ಮಿ.ಮೀ. ಪಟ್ಟಿಗಳು ಮಾತ್ರ, ಒಟ್ಟು ಒಂದೂವರೆ ಮಿ.ಮೀ. ಈಗ ಕೆಲವರು "ಸಡಿಲ ಇದೆ" ಅಂತ ಆ ಹಲಗೆಗೆ ಫೆವಿಕಾಲ್ ಸುರಿದು ಮೊಳೆ ಹೊಡೆಯುತ್ತಾರೆ. ಆಮೇಲೆ ಹಲಗೆ ನಡುವೆ ಸೀಳಿದರೆ ಮರ ಕಳಪೆ ಅನ್ನುತ್ತಾರೆ. ಮರ ಏನು ಮಾಡೀತು?

ಅಮ್ಮನ ಮನೆಯದು ಚೌಕಟ್ಟಿನ ಬಾಗಿಲೇ. ಹಾಗಿದ್ದೂ ಯಾಕೆ ಕಚ್ಚುತ್ತಿತ್ತು ಅಂತ ಕೊನೆಗೆ ಒಂದು ಕನ್ನಡಿ ತೆಗೆದುಕೊಂಡು ಬಾಗಿಲಿನ ತಳಕ್ಕೆ ಹಿಡಿದು ನೋಡಿದೆ. ಮುಂದೆ ಹಿಂದೆ ಮೂರು ಕೋಟು ಬಣ್ಣ, ತಳಕ್ಕೆ ಒಂದು ಹನಿ ಇಲ್ಲ. ತುದಿಯಲ್ಲಿ ಎಳೆಗಳ ಬಾಯಿ ತೆರೆದಿರುತ್ತದೆ, ನೀರು ಎಳೆಯ ಉದ್ದಕ್ಕೆ ಓಡುವಷ್ಟು ಬೇಗ ಅಡ್ಡಕ್ಕೆ ಓಡುವುದಿಲ್ಲ. ಬಾಗಿಲ ಮುಂದೆ ದಿನಾ ನೀರು ಹಾಕಿ ಗುಡಿಸುವ ಮನೆ ಬೇರೆ, ಎರಡು ಬದಿ ಪಟ್ಟಿಗಳೂ ಕೆಳಗಿನಿಂದ ನೀರು ಕುಡಿಯುತ್ತಿದ್ದವು. ಸದ್ಯಕ್ಕೆ ಅಂಚಿಗೆ ಮೇಣದಬತ್ತಿ ಉಜ್ಜಿಕೊಟ್ಟು ಬಂದೆ. ಸಂಕ್ರಾಂತಿ ಕಳೆದು ಚೆನ್ನಾಗಿ ಒಣಗಿದ ಮೇಲೆ ಬಾಗಿಲು ಇಳಿಸಿ, ತಲೆ ತಳ ಎರಡಕ್ಕೂ ಪ್ರೈಮರ್ ಕುಡಿಸಿ, ಬಣ್ಣ ಹೊಡೆಸಿದೆವು. ಈ ಆಗಸ್ಟ್‌ನಲ್ಲಿ ಅಮ್ಮ ಫೋನ್ ಮಾಡಿದ್ದು ಬೇರೆ ವಿಷಯಕ್ಕೆ.

ಉಳಿದ ಎರಡನ್ನು ಬೇಗ ಹೇಳಿಬಿಡುತ್ತೇನೆ.

ತ್ರೀಡಿ ಪ್ರಿಂಟ್ ಮಾಡಿದ ಕೊಕ್ಕೆ ಮುರಿದಿದೆ, ಮುರಿದ ಮೈ ಕತ್ತರಿಸಿದ ಹಾಗೆ ಚಪ್ಪಟೆ, ಅಚ್ಚುಕಟ್ಟು. ಪ್ಲಾಸ್ಟಿಕ್ ಬದಲಿಸಬೇಡಿ, ಅದು ಪದರದಿಂದ ಪದರ ಬಿಟ್ಟುಕೊಂಡಿದೆ ಅಷ್ಟೇ. ಕೊಕ್ಕೆಯನ್ನು ನಿಲ್ಲಿಸಿ ಪ್ರಿಂಟ್ ಮಾಡಿದ್ದರೆ ಮಲಗಿಸಿ ಮಾಡಿ, ಭಾರ ಎಳೆಯುವ ದಿಕ್ಕು ಪದರಗಳ ಉದ್ದಕ್ಕೆ ಬರಲಿ. ಮುರಿದ ಮೈ ಒರಟಾಗಿ, ಪದರಗಳನ್ನು ದಾಟಿಕೊಂಡು ಹೋಗಿದ್ದರೆ ಆಗ ದಪ್ಪ ಸಾಲದು.

ಪುಸ್ತಕದ ಕಪಾಟಿನ ಪ್ಲೈವುಡ್ ಹಲಗೆ ನಡುವೆ ಜೋತುಬಿದ್ದಿದೆ. ಪ್ಲೈ ಅಂದರೆ ಎಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಕಿ ಅಂಟಿಸಿ ದಿಕ್ಕು ಕಡಿಮೆ ಮಾಡಿದ ಮರ, ಕಬ್ಬನ್ನು ಜಾಣತನದಿಂದ ಬೆಲ್ಲ ಮಾಡುವ ಪ್ರಯತ್ನ. ಪೂರ್ತಿ ಆಗಿರುವುದಿಲ್ಲ. ಪದರಗಳ ಸಂಖ್ಯೆ 3, 5, 7 ಹೀಗೆ ಬೆಸವಾಗಿರುತ್ತದೆ, ಮೇಲಿನ ಮುಖ ಮತ್ತು ಕೆಳಗಿನ ಮುಖ ಎರಡರ ಎಳೆಯೂ ಒಂದೇ ಕಡೆ. ಬಾಗುವಾಗ ಜಾಸ್ತಿ ದುಡಿಯುವುದು ಹೊರಗಿನ ಪದರಗಳೇ, ಹಾಗಾಗಿ ಮುಖದ ಎಳೆ ಇರುವ ಕಡೆಗೆ ಬಿಗಿತ ಜಾಸ್ತಿ. ಪದರ ಕಡಿಮೆಯಾದಷ್ಟೂ ವ್ಯತ್ಯಾಸ ಜೋರು. ಟಾರ್ಚ್ ಓರೆಯಾಗಿ ಹಿಡಿದು ಮುಖದ ಎಳೆ ನೋಡಿ. ಅದು ಒಂದು ಆಧಾರದಿಂದ ಇನ್ನೊಂದು ಆಧಾರಕ್ಕೆ ಹೋಗುತ್ತಿರಬೇಕು. ಗೋಡೆಯಿಂದ ನಿಮ್ಮ ಕಡೆಗೆ ಬರುತ್ತಿದ್ದರೆ ಬಡಗಿ ಹಾಳೆಯನ್ನು ಅಡ್ಡಕ್ಕೆ ಕತ್ತರಿಸಿದ್ದಾರೆ, ಅವರಿಗೂ ಸ್ಕ್ರ್ಯಾಪ್ ಉಳಿಸಬೇಕಿತ್ತು. ನನ್ನ ಕಪಾಟಿನದು ಹಾಗೇ ಇತ್ತು. ಹಲಗೆಯನ್ನು ತಿರುಗಿಸಲು ಅಳತೆ ಒಪ್ಪಲಿಲ್ಲ, ಮುಂದಿನ ಅಂಚಿಗೆ ಒಂದೂವರೆ ಇಂಚಿನ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿದೆ. ಈ ಸಲ ಅಂಟಿಸುವ ಮುಂಚೆ ಪಟ್ಟಿಯ ಎಳೆ ಯಾವ ಕಡೆಗಿದೆ ಅಂತ ಎರಡು ಸಲ ನೋಡಿದೆ.